ಪಾಲಿನ ಗೋಡೆಯಲ್ಲೊಂದು ವೈರು

ಕಮಲಾಪುರದಲ್ಲಿ ಎತ್ತು ಹಂಚಿಕೊಂಡವರಿದ್ದಾರೆ, ಬಾವಿಯ ನೀರು ಹಂಚಿಕೊಂಡವರಿದ್ದಾರೆ, ಬೇವಿನ ಮರದ ನೆರಳಿಗೆ ಗೆರೆ ಎಳೆದವರೂ ಇದ್ದಾರೆ. ಆದರೆ ಇದ್ದ ಒಂದೇ ಒಂದು ಕಂಪ್ಯೂಟರನ್ನು ಎರಡು ಪಾಲು ಮಾಡಿ, ಅರ್ಧ ಆಚೆ ಅರ್ಧ ಈಚೆ ಇಟ್ಟುಕೊಂಡು, ನಡುವೆ ಗೋಡೆ ಎಬ್ಬಿಸಿದ ಜಾಣರು ಯಾರಾದರೂ ಇದ್ದರೆ ಅದು ಪೀರಪ್ಪ ಮತ್ತು ಅವನ ತಮ್ಮ ಅಮೋಘಸಿದ್ದ. ಎರಡು ಸಾವಿರದ ಆರನೇ ಇಸವಿಯ ಈ ಜಾಣತನ ನೆನಪಾದರೆ ಅವರಿಬ್ಬರ ನಡುವೆ ಹುಟ್ಟಿದ ಭೀಮಬಾಯಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಉರಿಯಬೇಕಾದದ್ದೇ. ಆ ಕಂಪ್ಯೂಟರು ಅವಳದು. ಕುಸನೂರಿನ ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲಿ ಕೂರಿಸಿದಾಗ ಭೀಮಬಾಯಿ ಅತ್ತು ಕರೆದು ಮೂಲೆ ಸೇರಲಿಲ್ಲ. ಟ್ರಂಕು ಎತ್ತಿಕೊಂಡು ತವರಿಗೆ ಬಂದಳು. ಅದಕ್ಕೂ ಮೊದಲೇ ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರದ ಕ್ಲಾಸಿಗೆ ಹೋಗಿ ಕನ್ನಡ ಟೈಪಿಂಗು, ಲಗ್ನದ ಕಾರ್ಡು ಜೋಡಿಸುವುದು ಎಲ್ಲ ಕಲಿತಿದ್ದಳು. ತವರಿಗೆ ಬಂದವಳು ಕೈಯಲ್ಲಿದ್ದ ಬಂಗಾರದ ಪಾಟಲಿ ಮಾರಿ ಸಿಪಿಯು, ಮಾನಿಟರು ತಂದಳು. ದುಡಿದು ಪ್ರಿಂಟರು ತಂದಳು, ಆಮೇಲೆ ಸ್ಕ್ಯಾನರು. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಬಾಳೆಹಣ್ಣಿನ ವ್ಯಾಪಾರಿಗಳ ಚೀಟಿ, ಎಲ್ಲ ಅವಳ ಹತ್ತಿರವೇ ಬರತೊಡಗಿತು. ಕಂಪ್ಯೂಟರಿಗೆ ಧೂಳು ಕೂರಬಾರದೆಂದು ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಹೊದಿಕೆ ಹೊಲಿದಿದ್ದಳು. ಗಂಡನ ಮನೆಯಲ್ಲಿ ಅವಳದೆಂದು ಹೇಳಲು ಒಂದು ಚಮಚವೂ ಇರಲಿಲ್ಲ. ಇದೊಂದು ಅವಳದಾಗಿತ್ತು.

ಅಣ್ಣತಮ್ಮಂದಿರು ಬೇರೆಯಾಗಲು ಕಾರಣ ಏನೆಂದು ಈಗ ಕೇಳಿದರೆ ಇಬ್ಬರಿಗೂ ಹೇಳಲು ಬರುವುದಿಲ್ಲ. ಅಂತೂ ಬೇರೆಯಾದರು. ಓಣಿಯ ಹಿರಿಯ ಮಾಪಣ್ಣ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದ. ಅಂಗಳದಲ್ಲಿ ಜಮಖಾನೆ ಹಾಸಿದರು. ಆ ಮನೆತನದ ಪದ್ಧತಿ ಹಾಗೆ: ಮನೆಯ ಸಾಮಾನೆಲ್ಲ ಜಮಖಾನೆಯ ಮೇಲೆ ಬರಬೇಕು, ದೊಡ್ಡವನು ಎರಡು ಗುಂಪು ಮಾಡಬೇಕು, ಸಣ್ಣವನು ತನಗೆ ಬೇಕಾದ ಗುಂಪು ಆರಿಸಿಕೊಳ್ಳಬೇಕು. ಆಮೇಲೆ ಇಬ್ಬರೂ ಮನೆದೇವರ ಭಂಡಾರ ಮುಟ್ಟಬೇಕು. ಆ ಅರಿಸಿನದ ಪುಡಿ ಬೆರಳಿಗೆ ಹತ್ತಿತೋ, ಮಾತು ಮುಗಿಯಿತು. ಅದಾದ ಮೇಲೆ ಒಬ್ಬರ ಪಾಲಿನ ಸಾಮಾನು ಗೋಡೆ ದಾಟಿ ಇನ್ನೊಬ್ಬರ ಕಡೆ ಹೋಗುವಂತಿಲ್ಲ. ಅಜ್ಜನ ಕಾಲದಲ್ಲಿ ಹಾಗೆ ದಾಟಿದ ಒಂದು ಕುಡುಗೋಲಿನಿಂದ ಹೊಡೆದಾಟವೇ ಆಗಿತ್ತಂತೆ.

ಹಂಡೆ, ಕೊಪ್ಪರಿಗೆ, ಬೀಸುವ ಕಲ್ಲು, ಕಬ್ಬಿಣದ ಕಪಾಟು ಎಲ್ಲ ಮುಗಿದು ಕೊನೆಗೆ ಕಂಪ್ಯೂಟರು ಬಂತು. ಹಿರಿಯರಿಗೆ ಚಹಾ ಮಾಡಿಕೊಂಡು ಒಳಗಿನಿಂದ ಬಂದ ಭೀಮಬಾಯಿ ನೋಡುತ್ತಾಳೆ, ಜಮಖಾನೆಯ ಮೇಲೆ ತನ್ನ ಸಾಮಾನು! ವೈರು ಕಿತ್ತು, ಇಳಕಲ್ ಹೊದಿಕೆ ತೆಗೆದು, ಕುರಿ ಸಂತೆಗೆ ತಂದ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ.

"ಈ ಡಬ್ಬಿ, ಈ ಟಿವಿ ಒಂದ್ ಪಾಲು," ಎಂದ ಮಾಪಣ್ಣ. "ಆ ಕಾಗದ ಉಗುಳೋ ಪೆಟಗಿ, ಆ ಗಾಜಿನ ಪೆಟಗಿ ಇನ್ನೊಂದ್ ಪಾಲು. ಎರಡಕ್ಕ ಎರಡು. ಸರಿ ಆತಲ್ಲ?"

"ಏನ್ ಸರಿ ಆತು ಕಾಕಾ?" ಭೀಮಬಾಯಿ ಚಹಾದ ತಾಟು ನೆಲಕ್ಕೆ ಕುಕ್ಕಿದಳು. "ಅವೆಲ್ಲಾ ಕೂಡಿದ್ರೇ ಒಂದು ಕಂಪ್ಯೂಟರು. ಒಂದೊಂದೇ ಇಟ್ಕೊಂಡ್ರ ಏನೂ ಇಲ್ಲ. ಮ್ಯಾಲ ಅದು ನಂದದ. ನನ್ನ ಪಾಟಲಿ ಮಾರಿ ತಂದೀನಿ."

"ಮನಿಯೊಳಗ ಇದ್ದದ್ದೆಲ್ಲಾ ಮನಿದೇ ಅವ್ವ."

"ಹಂಗಾದ್ರ ನಾನೂ ಈ ಮನಿ ಮಗಳೇ. ಮೂರ್ ಪಾಲು ಮಾಡ್ರಿ."

ಕೂತವರೆಲ್ಲ ನಕ್ಕರು. ಎಂಥ ನಗೆ ಅದು! ಕೂಸು ಚಂದಿರ ಬೇಕು ಎಂದು ಹಟ ಹಿಡಿದಾಗ ನಗುತ್ತಾರಲ್ಲ, ಹಾಗೆ. ಮಾಪಣ್ಣನಂತೂ ಪ್ರೀತಿಯಿಂದಲೇ ಹೇಳಿದ: "ನಿನಗ್ಯಾಕವ್ವ ಪಾಲು? ಎರಡೂ ಮನಿ ನಿನ್ನವೇ. ಮುಂಜಾನಿ ಅಣ್ಣನ ಮನ್ಯಾಗ ಉಣ್ಣು, ಸಂಜಿಕ ತಮ್ಮನ ಮನ್ಯಾಗ ಉಣ್ಣು."

ಎರಡೂ ಮನೆ ನಿನ್ನವೇ! ಕೇಳಲು ಎಷ್ಟು ಚೆಂದದ ಮಾತು. ಆ ಎರಡು ಮನೆಗಳಲ್ಲಿ ಅವಳ ಚಾಪೆ ಹಾಸುವ ಜಾಗ ಎಲ್ಲಿ ಎಂಬುದನ್ನು ಮಾತ್ರ ಒಬ್ಬರೂ ಹೇಳಲಿಲ್ಲ. ಅಮೋಘಸಿದ್ದ ಪ್ರಿಂಟರು, ಸ್ಕ್ಯಾನರು ಆರಿಸಿಕೊಂಡ. ಅವು ಹೊಸದಾಗಿ ಕಾಣುತ್ತಿದ್ದವು, ಅಷ್ಟೇ ಅವನ ಲೆಕ್ಕಾಚಾರ. ಇಬ್ಬರೂ ಭಂಡಾರ ಮುಟ್ಟಿದರು. ಮರುವಾರ ಪಡಸಾಲೆಯ ನಟ್ಟನಡುವೆ ಗೋಡೆ ಎದ್ದಿತು. ಸಿಮೆಂಟು ಯಾರು ತರಬೇಕೆಂಬ ಜಗಳ ಹರಿಯದೆ ಬರೀ ಇಟ್ಟಿಗೆ, ಮಣ್ಣಿನಲ್ಲೇ ಕಟ್ಟಿ ಮುಗಿಸಿದರು. ಜಂತಿಯ ಭಾರವೆಲ್ಲ ಹಳೆಯ ಕಲ್ಲಿನ ಗೋಡೆಗಳ ಮೇಲಿತ್ತು. ಈ ಗೋಡೆ ಆಳೆತ್ತರಕ್ಕೆ ಸುಮ್ಮನೆ ಮುಖ ಗಂಟಿಕ್ಕಿಕೊಂಡು ನಿಂತಿತು.

ಕಂಪ್ಯೂಟರಿನ ಡಬ್ಬಿ ಪೀರಪ್ಪನ ಕಡೆಯ ಒಳಕೋಣೆಗೆ ಹೋಯಿತು. ಪ್ರಿಂಟರು ಅಮೋಘಸಿದ್ದನ ಕಡೆಯ ಕೋಣೆಯಲ್ಲಿ ಕಪಾಟಿನ ತಲೆಯೇರಿ ಕೂತಿತು. ಪೀರಪ್ಪನಿಗೆ ಮೌಸು ಹಿಡಿಯಲು ಬಾರದು, ಅಮೋಘಸಿದ್ದನಿಗೆ ಪ್ರಿಂಟರಿನ ಬಾಯಿ ಯಾವುದು ಬುಡ ಯಾವುದು ತಿಳಿಯದು. ಆದರೂ "ನನ್ನ ಪಾಲು, ನನ್ನ ಪಾಲು" ಎಂದು ಇಬ್ಬರೂ ಎದೆ ಉಬ್ಬಿಸಿಕೊಂಡು ತಿರುಗಿದರು. ಟೈಪು ಮಾಡಲು ಭೀಮಬಾಯಿಗೆ ಅಣ್ಣ ಬೇಡವೆನ್ನಲಿಲ್ಲ. ಆದರೆ ಮಾಡಿದ್ದನ್ನು ಕಾಗದಕ್ಕೆ ಇಳಿಸುವುದು ಹೇಗೆ?

"ಸಿದ್ದಾ, ಪ್ರಿಂಟರ್ ಒಂದ್ ತಾಸು ಈ ಕಡೆ ಕೊಡೋ," ಎಂದು ತಮ್ಮನನ್ನು ಕೇಳಿದಳು.

"ಭಂಡಾರ ಮುಟ್ಟೀನಿ ಅಕ್ಕಾ. ಸಾಮಾನು ಗ್ವಾಡಿ ದಾಟಬಾರ್ದು."

"ಹಂಗಾದ್ರ ಆ ಡಬ್ಬಿನ ಆ ಕಡೆ ತರ್ತೀನಿ."

"ಅದಕ್ಕ ಅಣ್ಣ ಒಪ್ಪಬೇಕಲ್ಲ?" ಅಣ್ಣನೂ ಅದೇ ಭಂಡಾರ ತೋರಿಸಿದ.

ಭೀಮಬಾಯಿ ಹಲ್ಲು ಕಡಿದಳು. ಆಮೇಲೆ ಕೂತು ಯೋಚಿಸಿದಳು. ಡಬ್ಬಿ ದಾಟಬಾರದು, ಪ್ರಿಂಟರು ದಾಟಬಾರದು. ಆದರೆ ಜಮಖಾನೆಯ ಮೇಲೆ ಬಾರದ ಸಾಮಾನು? ಅದನ್ನು ತಡೆಯಲು ಯಾವ ಭಂಡಾರವೂ ಇಲ್ಲ. ಮರುದಿನವೇ ಬಸ್ಸು ಹತ್ತಿ ಕಲಬುರಗಿಗೆ ಹೋದಳು. ಜೇವರ್ಗಿ ಕಾಲೋನಿಯ ಒಂದು ಅಂಗಡಿಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡವನೊಬ್ಬ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರುಗಳನ್ನು ಎದುರಿಗಿಟ್ಟು, "ಒಂದಕ್ಕೊಂದು ಜೋಡಸ್ಕೋತ ಹೋಗ್ರಿ ಮೇಡಂ, ಬೀದರ್ ತನಕಾನೂ ಹೋಗ್ತದ" ಎಂದು ಕಟ್ಟಿಕೊಟ್ಟ.

ಗೋಡೆಯ ಒಂದು ಇಟ್ಟಿಗೆ ತೆಗೆದು ತೂತು ಮಾಡಿದಳು. ಅಣ್ಣತಮ್ಮಂದಿರು ಓಡಿ ಬಂದರು. "ಈ ವೈರು ಯಾರ ಪಾಲಿಂದು ಹೇಳ್ರಿ?" ಎಂದು ಕೇಳಿದಳು. ಇಬ್ಬರೂ ಮುಖ ಮುಖ ನೋಡಿಕೊಂಡು ಹೋದರು. ವೈರಿಗೆ ವೈರು ಜೋಡಿಸಿ, ತೂತಿನಲ್ಲಿ ತೂರಿಸಿ, ಪ್ರಿಂಟರಿನವರೆಗೂ ಎಳೆದಳು. ಪ್ರಿಂಟರು ಕಣ್ಣು ಬಿಡಲೇ ಇಲ್ಲ. ಅಂಥ ಸಾಮಾನು ಯಾವುದೂ ಗುರುತಿಗೆ ಸಿಗುತ್ತಿಲ್ಲ ಎಂದು ಕಂಪ್ಯೂಟರು ಪರದೆಯ ಮೂಲೆಯಲ್ಲಿ ಬರೆದು ತೋರಿಸಿತು. ಅಂಗಡಿಗೆ ಫೋನು ಮಾಡಿದರೆ ಇಸ್ತ್ರಿ ಅಂಗಿಯವನು, "ವೈರಸ್ ಬಂದಿರಬೇಕ್ರಿ, ಫಾರ್ಮ್ಯಾಟ್ ಮಾಡಸ್ರಿ" ಎಂದು ಕೈ ತೊಳೆದುಕೊಂಡ. ವೈರಸ್ಸಂತೆ! ಅವನ ಬಾಯಿಗಿಷ್ಟು ಮಣ್ಣು ಬೀಳಲಿ ಎಂದು ಬೈದು ಫೋನಿಟ್ಟಳು.

ನಿಜ ಹೇಳಿದವನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಇಮಾಮುದ್ದೀನ್. ಅವಳಿಗೆ ಸಿಪಿಯು ಮಾರಿದವನೇ ಅವನು. ವೈರಿನ ಉಂಡೆ ನೋಡಿ ಹಣೆ ಚಚ್ಚಿಕೊಂಡ.

"ಭೀಮಕ್ಕಾ, ಇದು ನೀರಿನ ಪೈಪಲ್ಲ. ಹೊಲದಾಗ ನಿಂತು ಕೂಗಿದಂಗ. ದೂರ ಹೋದಷ್ಟು ಆವಾಜ್ ಸಣ್ಣ ಆಗ್ತದ. ಐದ್ ಮೀಟರ್ ಆದ ಮ್ಯಾಲ ಕೇಳ್ಸೋದೇ ಇಲ್ಲ. ನಡುವ ಒಬ್ಬ ನಿಂತು, ಕೇಳಿದ್ದನ್ನ ಮತ್ತ ಜೋರಾಗಿ ಕೂಗಬೇಕು. ಅದಕ್ಕ ಈ ಹಬ್ ಬೇಕು." ಅಂಗೈಯಗಲದ ಒಂದು ಡಬ್ಬಿ ತೋರಿಸಿದ. "ಅದೂ ತನ್ನ ಕರೆಂಟ್ ತಾನೇ ಪ್ಲಗ್ಗಿನಿಂದ ತಗೊಳ್ಳೋದೇ ಆಗಬೇಕು. ಪ್ಲಗ್ ಇಲ್ಲದ್ದು ತಗೊಂಡ್ರ ಫಾಯ್ದೆ ಇಲ್ಲ."

"ನಡುವ ನಿಂತು ಎರಡೂ ಕಡೆ ಕೂಗೋ ಕೆಲಸ ನಂಗ ಹೊಸದೇನಲ್ಲ ಭಾಯ್," ಎಂದು ಭೀಮಬಾಯಿ ಹಬ್ಬನ್ನು ಚೀಲಕ್ಕೆ ಹಾಕಿಕೊಂಡಳು.

ಗೋಡೆಯ ತೂತನ್ನು ಇನ್ನೊಂದು ಇಟ್ಟಿಗೆಯಷ್ಟು ದೊಡ್ಡದು ಮಾಡಿ ಹಬ್ಬನ್ನು ಅದರೊಳಗೇ ಕೂರಿಸಿದಳು. ಆ ಕಡೆಗೊಂದು ವೈರು, ಈ ಕಡೆಗೊಂದು ವೈರು, ಪ್ಲಗ್ಗು ಅಣ್ಣನ ಕಡೆಯ ಬೋರ್ಡಿಗೆ. ಹಬ್ಬಿನ ಕೆಂಪು ದೀಪ ಹೊತ್ತಿತು. ಗೋಡೆಯಾಚೆ ಪ್ರಿಂಟರು ಗರ್ರ್ ಎಂದಿತು. ಆ ಸದ್ದು ಕೇಳಿ ಭೀಮಬಾಯಿಯ ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಕೆಲಸ ನಡೆಯಿತು. ಅಮೋಘಸಿದ್ದನ ಹೆಂಡತಿ ಪುತಳಾಬಾಯಿ ಆ ಕಡೆ ನಿಂತು ಕಾಗದ ಹಾಕುವಳು. ಒಂದು ಹಾಳೆ ಹೊರಬಂದ ಕೂಡಲೇ ಬಂದು ಗೋಡೆಗೆ ಒಮ್ಮೆ ಗುದ್ದುವಳು. ಇವಳು ಮುಂದಿನದನ್ನು ಬಿಡುವಳು. ಕಾಗದ ಸಿಕ್ಕಿಕೊಂಡರೆ ಗೋಡೆಗೆ ಪಟಪಟ ಬಡಿತ. ಮನೆ ಒಂದಾಗಿದ್ದಾಗ ಒಲೆ ಮುಂದೆ ಕಿತ್ತಾಡುತ್ತಿದ್ದ ಅತ್ತಿಗೆ ನಾದಿನಿಯರು ಈಗ ಗೋಡೆ ಬಡಿದುಕೊಂಡೇ ಗೆಳತಿಯರಾದರು.

ಮಳೆಗಾಲದಲ್ಲಿ ಹಂಚು ಸೋರಿ ಗೋಡೆಯ ಮಣ್ಣು ಕಳಚತೊಡಗಿತು. ಗಾರೆ ಹಾಕಿಸಿ ಎಂದರೆ, "ಗ್ವಾಡಿ ನಂದಲ್ಲ, ಅವನಿಗೆ ಬೇಕಾಗಿತ್ತು, ಅವನೇ ಹಾಕ್ಸಲಿ" ಎಂದು ಪೀರಪ್ಪ. "ನಂದ್ಯಾಕ ಆಗ್ತದ, ಅಣ್ಣನ ಗ್ವಾಡಿ ಅದು" ಎಂದು ಅಮೋಘಸಿದ್ದ. ಹಂಡೆಗೂ ಚಮಚಕ್ಕೂ ಬಡಿದಾಡಿದವರು ಗೋಡೆ ಮಾತ್ರ ತಮ್ಮದಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗಿದರು.

ಅಷ್ಟರಲ್ಲಿ ದರ್ಜಿ ಕರೀಂಸಾಬ್ ಮಗಳು ಶಾಹಜಾದಿಯ ಮದುವೆ ಗೊತ್ತಾಯಿತು. ಕಾರ್ಡಿನ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಉರ್ದು ಬೇಕು. ಉರ್ದುವನ್ನು ಕಲಬುರಗಿಯ ಉಸ್ತಾದರೊಬ್ಬರಿಂದ ಚೆಂದದ ಕೈಬರಹದಲ್ಲಿ ಬರೆಸಿಕೊಂಡು ಬಂದಿದ್ದ. ಹಬ್ಬಿಗೆ ಸ್ಕ್ಯಾನರಿನ ವೈರನ್ನೂ ಸಿಕ್ಕಿಸಿ, ಅದನ್ನು ಸ್ಕ್ಯಾನು ಮಾಡಿ ಹಾಗೇ ಅಚ್ಚು ಹಾಕುತ್ತೇನೆಂದು ಭೀಮಬಾಯಿ ಮಾತು ಕೊಟ್ಟಳು. ಇಷ್ಟು ದೊಡ್ಡ ಕೆಲಸ ಅವಳಿಗೆ ಹಿಂದೆ ಬಂದಿರಲಿಲ್ಲ. ಅರ್ಧದಷ್ಟು ಕಾರ್ಡು ಮುಗಿದಾಗ ಇಂಕು ತೀರಿತು. ತರಲು ಕಲಬುರಗಿಗೆ ಹೋದಳು.

ಅವಳು ಬಸ್ಸು ಹತ್ತಿದ್ದೇ ತಡ, ಪೀರಪ್ಪನ ಕಣ್ಣು ಗೋಡೆಯೊಳಗಿನ ಕೆಂಪು ದೀಪದ ಮೇಲೆ ಬಿತ್ತು. ಹಗಲೂ ಉರಿಯುವ ದೀಪ! "ನನ್ನ ಕರೆಂಟು ಅವನ ಮನಿಗೆ ಹರಿಯಾಕತ್ತದ" ಎಂದು ಪ್ಲಗ್ಗು ಕಿತ್ತೆಸೆದ. ಕಿತ್ತದ್ದಷ್ಟೇ ಅಲ್ಲ, ಆ ಮಾತನ್ನು ತಮ್ಮನಿಗೆ ಕೇಳುವ ಹಾಗೆ ಕೂಗಿ ಹೇಳಿದ. ತಮ್ಮ ಕೇಳಿಕೊಂಡು ಸುಮ್ಮನಿರುವ ಜಾತಿಯವನೇ? "ನಿನ್ನ ಎಂಜಲು ಕರೆಂಟು ಯಾರಿಗೆ ಬೇಕಾಗ್ಯಾದ" ಎಂದು ಕುಡುಗೋಲು ತಂದು ವೈರನ್ನು ಕಚಕ್ಕೆಂದು ಕೊಯ್ದ. ಪುತಳಾಬಾಯಿ ಕೈ ಹಿಡಿದರೂ ಕೇಳದೆ, ಗಾರೆ ಕಲಸಿ ತೂತನ್ನು ಮೆತ್ತಿಯೇ ಬಿಟ್ಟ. ಹಬ್ಬು ಗೋಡೆಯೊಳಗೇ ಸಮಾಧಿಯಾಯಿತು. ಆ ಗೋಡೆ ತನ್ನದಲ್ಲ ಎನ್ನುತ್ತಿದ್ದವನಿಗೆ ಅವತ್ತು ಗಾರೆ ಎಲ್ಲಿಂದ ಬಂತೋ!

ಭೀಮಬಾಯಿ ಬಂದು ನೋಡಿದಾಗ ಗಾರೆ ಇನ್ನೂ ಹಸಿಯಾಗಿತ್ತು. ಗೋಡೆಯಿಂದ ವೈರಿನ ತುಂಡು ಇಲಿಯ ಬಾಲದಂತೆ ಜೋತು ಬಿದ್ದಿತ್ತು. ಸಂಜೆ ಕರೀಂಸಾಬ್ ಬಂದ. ವಿಷಯ ಆಗಲೇ ಅವನ ಕಿವಿಗೆ ಬಿದ್ದಿತ್ತು.

"ಬೇಟಿ, ಮನಸಿಗೆ ಹಚ್ಕೋಬ್ಯಾಡ," ಎಂದ ಮೆಲ್ಲಗೆ. "ಉಳಿದದ್ದು ನಾ ಕಲಬುರಗಿಯಾಗ ಮಾಡಿಸ್ಕೋತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಕರುಣೆ ಅವಳಿಗೆ ಕೆಂಡದ ಹಾಗೆ ತಗಲಿತು. ಈ ಕೆಲಸ ಕಲಬುರಗಿಗೆ ಹೋದರೆ ನಾಳೆ ಶಾಲೆಯ ಕೆಲಸವೂ ಹೋಗುತ್ತದೆ, ನಾಡಿದ್ದು ವ್ಯಾಪಾರಿಗಳದೂ ಹೋಗುತ್ತದೆ. ಆಮೇಲೆ ಭೀಮಬಾಯಿ ಎಂದರೆ ಮುಂಜಾನೆ ಒಂದು ಬಾಗಿಲಲ್ಲಿ, ಸಂಜೆ ಇನ್ನೊಂದು ಬಾಗಿಲಲ್ಲಿ ತಾಟು ಹಿಡಿದು ಕೂರುವವಳು, ಅಷ್ಟೇ.

"ಕಾಕಾ, ಎರಡು ದಿನ ತಡೀರಿ," ಎಂದಳು. "ನಿಮ್ಮ ಮಗಳ ಕಾರ್ಡು ನನ್ನ ಕೈಯಿಂದನೇ ಹೊರಗ ಬರ್ತದ."

ಆ ಕಾಲಲ್ಲೇ ಹೋಗಿ ಮಾಪಣ್ಣನನ್ನು ಎಳೆದು ತಂದಳು. ಮತ್ತೆ ಜಮಖಾನೆ ಹಾಸಿದರು, ಮತ್ತೆ ಭಂಡಾರದ ಬಟ್ಟಲು ಬಂತು. ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಹೇಳಿದ್ದೇ ಹೇಳಿದರು. ಕರೆಂಟು, ಕೆಂಪು ದೀಪ, ಎಂಜಲು. ಮಾಪಣ್ಣನಿಗೆ ತಲೆ ಚಿಟ್ಟುಹಿಡಿಯಿತು.

"ಸಾಕು ಬಾಯಿ ಮುಚ್ರಿ. ಆ ಹಬ್ಬು ಯಾರದು?"

"ನಂದು," ಎಂದಳು ಭೀಮಬಾಯಿ.

"ಅದು ಈಗ ಎಲ್ಲಿ ಅದ?"

"ಗ್ವಾಡಿಯೊಳಗ."

"ಗ್ವಾಡಿ ಯಾರದು?"

"ನಂದಲ್ಲ," ಎಂದ ಪೀರಪ್ಪ. "ನಂದಂತೂ ಅಲ್ಲೇ ಅಲ್ಲ," ಎಂದ ಅಮೋಘಸಿದ್ದ. ಗಾರೆಯ ಖರ್ಚು ಮೈಮೇಲೆ ಬಂದೀತೆಂದು ಇಬ್ಬರೂ ನಾ ಮುಂದೆ ತಾ ಮುಂದೆ ಎಂದು ಜಾರಿಕೊಂಡರು.

ಮಾಪಣ್ಣನಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರ ನಡೀರಿ, ಹರೀತು. ಭೀಮವ್ವಾ, ನನಗೂ ಒಂದ್ ಪಾಲು ಇಡ್ರಿ ಅಂದಿದ್ದಿ ಅಲ್ಲ? ತಗೋ, ಗ್ವಾಡಿ ನಿನ್ನ ಪಾಲಿಗೆ. ನಿನ್ನ ಹಬ್ಬು, ನಿನ್ನ ತೂತು, ನಿನ್ನ ಗ್ವಾಡಿ. ಸೋರಿದ್ರೂ ನಿಂದೇ, ಬಿದ್ರೂ ನಿಂದೇ. ಇನ್ನ ಮ್ಯಾಲ ಇವರಿಬ್ರೂ ಅದಕ್ಕ ಕೈ ಹಚ್ಚಬಾರ್ದು."

ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪೀರಪ್ಪನೂ ನಕ್ಕ, ಅಮೋಘಸಿದ್ದನೂ ನಕ್ಕ. ಬೇರೆಯಾದ ಮೇಲೆ ಅಣ್ಣತಮ್ಮಂದಿರು ಕೂಡಿ ನಕ್ಕದ್ದು ಅದೇ ಮೊದಲು, ಅದೂ ಒಡಹುಟ್ಟಿದವಳ ಮೇಲೆ. ಭೀಮಬಾಯಿ ನಗಲಿಲ್ಲ. ಭಂಡಾರದ ಬಟ್ಟಲನ್ನು ಎತ್ತಿ ಇಬ್ಬರ ಮುಂದೆಯೂ ಹಿಡಿದಳು.

"ಮುಟ್ರಿ."

"ಇದಕ್ಕೂ ಭಂಡಾರ ಯಾಕ ಅಕ್ಕಾ?"

"ಚಮಚಾ ಪಾಲು ಮಾಡಿದಾಗ ಮುಟ್ಟೀರಿ. ನನ್ನ ಪಾಲಿಗೂ ಮುಟ್ರಿ."

ನಗುತ್ತಲೇ ಇಬ್ಬರೂ ಬೆರಳು ಅದ್ದಿದರು. ಅವಳೂ ಅದ್ದಿದಳು.

ಮರುದಿನ ಮುಂಜಾನೆ ಚಹಾ ಕುಡಿಯುವ ಹೊತ್ತಿಗೆ ಪಡಸಾಲೆಯಲ್ಲಿ ದಡ್ ದಡ್ ಎಂದು ಸದ್ದಾಯಿತು. ಪೀರಪ್ಪ ಬಸಿ ಕೆಳಗಿಟ್ಟು ಓಡಿ ಬಂದ. ಅಮೋಘಸಿದ್ದ ಆ ಕಡೆಯಿಂದ ಓಡಿ ಬಂದ. ಭೀಮಬಾಯಿ ಸೀರೆ ಎತ್ತಿ ಕಚ್ಚೆ ಕಟ್ಟಿ, ಕಬ್ಬಿಣದ ಹಾರೆ ಹಿಡಿದು ನಿಂತಿದ್ದಳು. ಮಳೆಗೆ ನೆನೆದ ಮಣ್ಣಿನ ಗೋಡೆ, ಒಂದೊಂದು ಏಟಿಗೆ ಹತ್ತಾರು ಇಟ್ಟಿಗೆ ಕಳಚಿ ಬೀಳುತ್ತಿದ್ದವು. ಆಗಲೇ ಅಣ್ಣನಿಗೆ ತಮ್ಮನ ಮುಖ, ತಮ್ಮನಿಗೆ ಅಣ್ಣನ ಮುಖ ಕಾಣತೊಡಗಿತ್ತು.

"ಏ ಭೀಮಾ! ಹುಚ್ಚ ಹಿಡದಾದೇನ ನಿನಗ?" ಪೀರಪ್ಪ ಅರಚಿದ.

"ಕೈ ಹಚ್ಚೀಯ ಅಣ್ಣಾ, ನೋಡು! ಭಂಡಾರ ಮುಟ್ಟೀದಿ." ಇನ್ನೊಂದು ಏಟು. "ನನ್ನ ಪಾಲು. ಇಟ್ಕೋತೀನೋ ಕೆಡವ್ತೀನೋ ನನ್ನ ಮರ್ಜಿ."

ಇಬ್ಬರೂ ಕೈ ಚಾಚಿದವರು ಅಲ್ಲೇ ನಿಂತರು. ಮಾಪಣ್ಣನಿಗೆ ಹೇಳಿ ಕಳಿಸಿದರು. ಅವನು ಬರುವುದರೊಳಗೆ ಗೋಡೆ ನೆಲಕ್ಕೆ ಬಂದಿತ್ತು. ಇಟ್ಟಿಗೆಯ ರಾಶಿಯೊಳಗಿಂದ ಹಬ್ಬನ್ನು ಹೆಕ್ಕಿ, ಸೆರಗಿನಿಂದ ಒರೆಸಿ ಬದಿಗಿಟ್ಟಿದ್ದಳು. ಪುತಳಾಬಾಯಿ ಯಾರ ಮಾತಿಗೂ ಕಾಯದೆ ಆ ಕಡೆಯಿಂದ ಕಸ ಗುಡಿಸುತ್ತಿದ್ದಳು. ಗೋಡೆ ನಿಂತಿದ್ದಲ್ಲಿ ಉದ್ದಕ್ಕೂ ಒಂದು ಕೆಂಪು ಮಣ್ಣಿನ ಪಟ್ಟಿ ಉಳಿದಿತ್ತು. ಭೀಮಬಾಯಿ ತನ್ನ ಕುರ್ಚಿ ತಂದು ಆ ಪಟ್ಟಿಯ ಮೇಲೆ ಹಾಕಿದಳು.

ಮಾಪಣ್ಣ ಸುತ್ತ ನೋಡಿದ, ಗಡ್ಡ ಕೆರೆದುಕೊಂಡ. "ಗ್ವಾಡಿ ನಿಂದು, ಒಪ್ಪಿದೆ ಅವ್ವ. ಆದ್ರ ಈ ಜಾಗ?"

"ಗ್ವಾಡಿ ಏನ್ ಗಾಳಿ ಮ್ಯಾಲ ನಿಂತಿತ್ತೇನ್ರಿ ಕಾಕಾ?" ಅವಳು ಕುರ್ಚಿಯ ಮೇಲೆ ಗಟ್ಟಿಯಾಗಿ ಕೂತಳು. "ಅದು ನಿಂತ ನೆಲ ನಂದು. ಎರಡೂ ಮನಿ ನಿನ್ನವೇ ಅಂತ ನೀವೇ ಅಂದಿದ್ರಿ. ಎರಡು ಮನಿ ನನಗ ಬ್ಯಾಡ. ನಡುವಿಂದು ಇಷ್ಟು ಸಾಕು."

ಮಾಪಣ್ಣ ಅಣ್ಣತಮ್ಮಂದಿರ ಕಡೆ ನೋಡಿದ. ಅವರು ತಮ್ಮ ಬೆರಳು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ನಿನ್ನೆಯ ಅರಿಸಿನ ಇನ್ನೂ ಇತ್ತು.

"ಸಾಮಾನು?" ಎಂದು ಅಮೋಘಸಿದ್ದ ಕೊನೆಯ ಆಸೆಯಿಂದ ಕೇಳಿದ. "ಸಾಮಾನು ದಾಟಬಾರ್ದು."

"ದಾಟಂಗಿಲ್ಲ," ಎಂದವಳು ಪುತಳಾಬಾಯಿ. ಕಪಾಟಿನ ಮೇಲಿಂದ ಪ್ರಿಂಟರನ್ನು ತಾನೇ ಇಳಿಸಿಕೊಂಡು ಬಂದು ಪಟ್ಟಿಯ ಅಂಚಿಗೆ, ತಮ್ಮ ಕಡೆಗೇ, ಸ್ಟೂಲಿನ ಮೇಲಿಟ್ಟಳು. "ನೋಡ್ರಿ, ನಮ್ಮ ಪಾಲಿನಾಗೇ ಅದ." ಗಂಡನ ಮುಖವನ್ನೂ ನೋಡದೆ ಸ್ಕ್ಯಾನರು ತರಲು ಒಳಗೆ ಹೋದಳು.

ಪೀರಪ್ಪ ಮುಖ ಊದಿಸಿಕೊಂಡೇ ಒಳಕೋಣೆಗೆ ಹೋಗಿ ಸಿಪಿಯು ಎತ್ತಿಕೊಂಡು ಬಂದು ತನ್ನ ಕಡೆಯ ಅಂಚಿಗಿಟ್ಟ. ಮಾನಿಟರು ತರುವಾಗ ಇಳಕಲ್ ಹೊದಿಕೆಯನ್ನೂ ತಂದ.

ಎಕ್ಸ್‌ಟೆನ್ಷನ್ನೂ ಬೇಕಾಗಲಿಲ್ಲ, ಹಬ್ಬೂ ಬೇಕಾಗಲಿಲ್ಲ. ಪ್ರಿಂಟರು ಕೊಂಡಾಗ ಡಬ್ಬಿಯೊಳಗೇ ಬಂದಿದ್ದ ಗಿಡ್ಡ ವೈರು ಟ್ರಂಕಿನಲ್ಲಿತ್ತು. ಅದು ಸಾಕಾಯಿತು. ಭೀಮಬಾಯಿ ಶಾಹಜಾದಿಯ ಕಾರ್ಡು ತೆರೆದು ಬಟನ್ನು ಒತ್ತಿದಳು. ಉಸ್ತಾದರ ಬರಹ ಗೆರೆ ಗೆರೆಯಾಗಿ ಇಳಿಯಿತು.

ಕಾರ್ಡು ಹೊರಬಿದ್ದ ಕೂಡಲೇ ಪುತಳಾಬಾಯಿ ರೂಢಿಯಂತೆ ಗುದ್ದಲು ಮುಷ್ಟಿ ಎತ್ತಿದಳು. ಗುದ್ದಲು ಗೋಡೆ ಇರಲಿಲ್ಲ. ಕಾರ್ಡನ್ನು ಎತ್ತಿ ಭೀಮಬಾಯಿಯ ಕೈಗೇ ಕೊಟ್ಟಳು.